ಕೂಡಲಿಯ ದಾರಿಯಲ್ಲಿ ಬಿಟ್ಟ ಕೈ

ಶಿವಮೊಗ್ಗದಿಂದ ಚಿತ್ರದುರ್ಗದ ರಸ್ತೆ ಹಿಡಿದು ಹೊರಟ ಬಸ್ಸು ಹೆಚ್ಚು ಹೊತ್ತಾಗುವ ಮೊದಲೇ ಭದ್ರಾ ನದಿಯ ದಂಡೆಯ ಊರೊಂದನ್ನು ಮುಟ್ಟುತ್ತದೆ. ಅದೇ ಹೊಳೆಹೊನ್ನೂರು. ಭದ್ರಾವತಿ ತಾಲ್ಲೂಕಿಗೆ ಸೇರಿದ ಈ ಊರಿನ ಹೆಸರಿನಲ್ಲಿ ಹೊಳೆಯೂ ಇದೆ, ಹೊನ್ನೂ ಇದೆ. ಹೊಳೆ ಕಣ್ಣೆದುರೇ ಹರಿಯುತ್ತದೆ. ಹೊನ್ನನ್ನು ಮಾತ್ರ ಮಾಗಿದ ಭತ್ತದ ಗದ್ದೆಯಲ್ಲೋ ಅಂಗಳದಲ್ಲಿ ಹರಡಿದ ಅಡಿಕೆಯಲ್ಲೋ ಹುಡುಕಿಕೊಳ್ಳಬೇಕು. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟಿ ನಾಲೆಗಳಿಗೆ ನೀರು ಬಿಟ್ಟ ಮೇಲೆ ಈ ಸೀಮೆಯ ಹಸಿರು ಇನ್ನಷ್ಟು ಹಬ್ಬಿತು.

ಊರಿಗೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಉತ್ತರಾದಿ ಮಠದ ಶ್ರೀ ಸತ್ಯಧರ್ಮತೀರ್ಥರ ಬೃಂದಾವನದ ದರ್ಶನಕ್ಕೆ ಬರುವವರು. ಮಿಕ್ಕವರು ಕೂಡಲಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದು ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜೊತೆಯಾಗಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು ಬಂದ ತುಂಗೆ ಮತ್ತು ಭದ್ರೆ ಮತ್ತೆ ಒಂದಾಗುವುದು ಕೂಡಲಿಯಲ್ಲಿ. ಅಲ್ಲಿಂದ ಮುಂದೆ ಅವುಗಳಿಗೆ ಒಂದೇ ಹೆಸರು, ತುಂಗಭದ್ರೆ. ಹೊಯ್ಸಳರ ಕಾಲದ ದೇವಾಲಯಗಳು, ಹಳೆಯ ಮಠಗಳು, ಮೆಟ್ಟಿಲಿಳಿದರೆ ನೀರು. ಹೊಳೆಹೊನ್ನೂರಿನವರಿಗೆ ಕೂಡಲಿ ಬೆಳಗಿನ ಹೊತ್ತು ನಡೆದು ಹೋಗಿ ಬರುವಷ್ಟು ಹತ್ತಿರ.

ಅಂಥದೊಂದು ಬೆಳಗು. ದಸರಾ ರಜೆಗೆಂದು ಭದ್ರಾವತಿಯಿಂದ ಅಜ್ಜನ ಮನೆಗೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗ, ಒಂದನೆಯ ತರಗತಿಯ ಅವನ ತಂಗಿ, ಜೊತೆಗೆ ಅಜ್ಜ. ಅಡಿಕೆ ಕೊಯ್ಲು ಆರಂಭವಾದ ದಿನಗಳು. ಹಿತ್ತಲುಗಳಲ್ಲಿ ಅಡಿಕೆ ಬೇಯುವ ಹಂಡೆಗಳಿಂದ ಚೊಗರಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಪರಿಚಿತರೊಬ್ಬರು ಎದುರಾಗಿ ಮಾತಿಗೆ ನಿಂತರು. "ನೀವು ಮೆಲ್ಲಗೆ ನಡೀತಾ ಇರಿ. ತಂಗಿ ಕೈ ಬಿಡಬೇಡ" ಎಂದು ಅಜ್ಜ ಹಿಂದೆ ಉಳಿದರು.

ತೋಟದ ಬೇಲಿಯ ಪಕ್ಕದ ಮೋರಿಯ ಹತ್ತಿರ ಬಂದಾಗ ಕಂದು ಬಣ್ಣದ ನಾಯಿಯೊಂದು ಬೊಗಳುತ್ತ ರಸ್ತೆಗೆ ನುಗ್ಗಿತು. ಹುಡುಗ ಓಡಿದ. ಐವತ್ತು ಹೆಜ್ಜೆ ಓಡಿ ತಿರುಗಿ ನೋಡಿದಾಗ ತನ್ನ ಕೈ ಖಾಲಿಯಾಗಿದೆ ಎಂಬುದು ತಿಳಿಯಿತು. ತಂಗಿ ರಸ್ತೆಯ ಮೇಲೆ ಬಿದ್ದಿದ್ದಳು. ಅವಳ ಕಾಲ ಬಳಿ ನಾಯಿ ನಿಂತಿತ್ತು. ಅಷ್ಟರಲ್ಲಿ ಅದು ಬೊಗಳುವುದನ್ನು ನಿಲ್ಲಿಸಿ ಮೂಸಿ ನೋಡುತ್ತಿತ್ತು. ಹುಡುಗ ಕಲ್ಲೊಂದನ್ನು ಹೆಕ್ಕಿ ಬಲವಾಗಿ ಬೀಸಿದ. ಅದು ನಾಯಿಯ ಮುಂಗಾಲಿಗೆ ಬಿತ್ತು. ಕುಂಯ್ ಎಂದು ಕೂಗಿ, ಮೂರು ಕಾಲಿನಲ್ಲಿ ಕುಂಟುತ್ತ ಅದು ಮೋರಿಯೊಳಗೆ ನುಸುಳಿತು. ಒಳಗಿನಿಂದ ಮರಿಗಳ ಸಣ್ಣ ದನಿ ಕೇಳಿಸಿತು.

ಅಜ್ಜ ಬಂದರು. "ಏನಾಯ್ತೋ?" ಎಂದರು. "ಆಡ್ತಾ ಓಡುವಾಗ ಎಡವಿ ಬಿದ್ಲು" ಎಂದ ಹುಡುಗ. ತಂಗಿ ಅಣ್ಣನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮತ್ತೆ ನಡೆಯುವಾಗ ಅವಳು ಹಿಡಿದದ್ದು ಅಜ್ಜನ ಕೈಯನ್ನು.

ಕೂಡಲಿಯಲ್ಲಿ ಹುಡುಗನಿಗೆ ದೇವಾಲಯ ಬೇಕಾಗಲಿಲ್ಲ, ಸಂಗಮವೂ ಬೇಕಾಗಲಿಲ್ಲ. ಕಟ್ಟಿಕೊಂಡು ತಂದಿದ್ದ ಅವಲಕ್ಕಿಯ ಪೊಟ್ಟಣವನ್ನು ಬಿಚ್ಚಲೂ ಇಲ್ಲ. ತಂಗಿಯ ಮಂಡಿಯನ್ನು ಅಜ್ಜ ತೊಳೆಯುವಾಗ ಹಿಮ್ಮಡಿಯ ಮೇಲೆ ಕೆಂಪನೆಯ ಗೀರೊಂದು ಕಂಡಿತು. ಮಂಡಿಯದು ಜಲ್ಲಿ ತರಚಿದ ಗಾಯ, ಸರಿ. ಆದರೆ ಹಿಮ್ಮಡಿಯ ಈ ಗೀರು? "ಇದೆಲ್ಲಿ ಆಯ್ತು ಮಗಾ?" ಎಂದು ಅಜ್ಜ ಕೇಳಿದ್ದು ಮೊಮ್ಮಗಳನ್ನು. ಅಳತೊಡಗಿದವನು ಮೊಮ್ಮಗ. ನಾಯಿ, ಓಟ, ಕಲ್ಲು, ಸುಳ್ಳು, ಎಲ್ಲವೂ ಒಟ್ಟಿಗೆ ಹೊರಬಂದವು.

ಅಜ್ಜ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅದಕ್ಕೆಲ್ಲ ಆಗ ಸಮಯವಿರಲಿಲ್ಲ. ಹತ್ತಿರದ ಗೂಡಂಗಡಿಯಿಂದ ಸಾಬೂನು ತರಿಸಿ, ನಲ್ಲಿಯ ಕೆಳಗೆ ಗೀರನ್ನು ೧೫ ನಿಮಿಷ ತೊಳೆದರು. ಗಡಿಯಾರ ನೋಡುವ ಕೆಲಸವನ್ನು ಹುಡುಗನಿಗೇ ವಹಿಸಿದರು. ಆಟೋ ಹಿಡಿದು ಆಸ್ಪತ್ರೆಗೆ ಹೋದರು. ಗೀರು ಉಗುರಿನದೋ ಕಲ್ಲಿನದೋ ಎಂದು ಆರು ವರ್ಷದ ಮಗು ಹೇಳಲಾರದು. ವೈದ್ಯರು ಅನುಮಾನಕ್ಕೆ ಎಡೆಗೊಡದೆ ರೇಬಿಸ್ ಲಸಿಕೆ ಆರಂಭಿಸಿದರು.

ಇಲ್ಲಿ ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ರೇಬಿಸ್ ವೈರಾಣು ಕಚ್ಚಿದ ಗಾಯದಿಂದ ಮಾತ್ರವಲ್ಲ, ಉಗುರಿನ ಗೀರಿನಿಂದಲೂ, ಗಾಯವನ್ನು ನೆಕ್ಕಿದಾಗ ತಾಗುವ ಜೊಲ್ಲಿನಿಂದಲೂ ಒಳಗೆ ಸೇರಬಲ್ಲದು. ನರಗಳ ಮೂಲಕ ಮೆದುಳಿನ ಕಡೆಗೆ ಮೆಲ್ಲನೆ ಸಾಗುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಅದಕ್ಕೆ ಮುಂಚೆ ಸಿಗುವ ಅವಧಿಯಲ್ಲಿ ಲಸಿಕೆ ಹಾಕಿಸಿದರೆ ರೋಗವನ್ನು ತಡೆಯಬಹುದು. ಲೂಯಿ ಪಾಶ್ಚರ್ ೧೮೮೫ರ ಜುಲೈ ೬ರಂದು ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿ ಉಳಿಸಿಕೊಂಡದ್ದು ಇದೇ ಅವಧಿಯಲ್ಲಿ. ಚರ್ಮದೊಳಗೆ ಕೊಡುವ ಇಂದಿನ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ ೩, ೭ ಮತ್ತು ೨೮ನೆಯ ದಿನ ಚುಚ್ಚುಮದ್ದು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಇವೆಲ್ಲ ಕೆಲಸಕ್ಕೆ ಬರಬೇಕಾದರೆ ಮನೆಯವರಿಗೆ ವಿಷಯ ಗೊತ್ತಾಗಬೇಕು. ಬೈಗುಳಕ್ಕೆ ಹೆದರಿ ಮಗು ಬಾಯಿ ಮುಚ್ಚಿಕೊಂಡರೆ ನಾಯಿಗಿಂತ ಆ ಮೌನವೇ ಹೆಚ್ಚು ಅಪಾಯಕಾರಿ.

ಅಂದು ಸಂಜೆ ಹುಡುಗ ಜಗಲಿಯ ಮೂಲೆಯಲ್ಲಿ ಕುಳಿತೇ ಇದ್ದ. "ನಾನು ಪುಕ್ಕಲ. ತಂಗಿನ ಬಿಟ್ಟು ಓಡಿದೆ" ಎಂಬ ಒಂದೇ ಮಾತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜನಿಗೆ ಭಯದ ಪರಿಚಯವಿತ್ತು. ಕುಲುಮೆಯ ಹತ್ತಿರ ಕಿಡಿ ಹಾರಿದಾಗ ಎಂಥ ಗಟ್ಟಿಗನೂ ಮೊದಲು ಹಿಂದಕ್ಕೆ ಜಿಗಿಯುತ್ತಾನೆ, ಆಮೇಲೆ ಯೋಚಿಸುತ್ತಾನೆ ಎಂದರು.

ವಿಜ್ಞಾನವೂ ಹೇಳುವುದು ಇದನ್ನೇ. ಕಿವಿಗೆ ಬಿದ್ದ ಬೊಗಳುವಿಕೆಯ ಸುದ್ದಿ ಮೆದುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದು, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗಕ್ಕೆ ನೇರವಾಗಿ ಹೋಗುವ ಒಳದಾರಿ. ಇನ್ನೊಂದು, ಆಲೋಚಿಸುವ ಹೊರಪದರವನ್ನು ಸುತ್ತಿ ಬರುವ ಹೆದ್ದಾರಿ. ಅಮೆರಿಕದ ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ಎರಡು ದಾರಿಗಳನ್ನು ವಿವರಿಸಿದರು. ಒಳದಾರಿಯ ಸುದ್ದಿ ಮೊದಲು ಮುಟ್ಟುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಗುಂಡಿಗೆ ಜೋರಾಗಿ ಬಡಿಯುತ್ತದೆ, ಕಾಲಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಕಾದಾಡಲು ಇಲ್ಲವೇ ಓಡಲು ದೇಹ ಮಾಡಿಕೊಳ್ಳುವ ಈ ಸಿದ್ಧತೆಯನ್ನು ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ೧೯೧೫ರಲ್ಲೇ ಪುಸ್ತಕವೊಂದರಲ್ಲಿ ವರ್ಣಿಸಿದ್ದರು. ತಂಗಿಯ ನೆನಪು ಹೆದ್ದಾರಿಯಲ್ಲಿ ಬರುತ್ತಿದ್ದಾಗಲೇ ಕಾಲುಗಳು ಓಡಿ ಆಗಿತ್ತು. ಆ ಕ್ಷಣಕ್ಕೆ ಹುಡುಗನನ್ನು ಹೇಡಿ ಎನ್ನುವುದು, ಧೂಳು ಬಿದ್ದಾಗ ರೆಪ್ಪೆ ಮುಚ್ಚಿದವನನ್ನು ಹೇಡಿ ಎಂದಂತೆ.

ಆದರೆ ಅಜ್ಜ ಅಷ್ಟಕ್ಕೇ ಬಿಡಲಿಲ್ಲ. "ಓಡಿದ್ದು ನಿನ್ನ ಕಾಲು. ಕಲ್ಲು ಹೊಡೆದಾಗ ನಾಯಿ ಸುಮ್ಮನೆ ನಿಂತಿತ್ತು ಅಂತ ನೀನೇ ಹೇಳಿದೆ. ಅದು ಸಿಟ್ಟು. ನನ್ನ ಹತ್ರ ಸುಳ್ಳು ಹೇಳಿದಾಗ ಭಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದು ಮಾತ್ರ ಪೂರ್ತಿ ನಿಂದು" ಎಂದರು. ಹುಡುಗ ತಲೆ ಎತ್ತಿದ. ಬೆಳಗಿನಿಂದ ಒಂದೇ ಮುದ್ದೆಯಾಗಿ ಎದೆಯ ಮೇಲೆ ಕುಳಿತಿದ್ದ ಭಾರ ಮೂರು ಪಾಲಾಗಿತ್ತು. ಒಂದು ಪಾಲನ್ನು ಅಲ್ಲೇ ಇಳಿಸಬಹುದಿತ್ತು. ಉಳಿದ ಎರಡನ್ನು ಹೊರಬೇಕಿತ್ತು.

ಆಮೇಲೆ ಅಜ್ಜ ಸರಮೆಯ ಕತೆ ಹೇಳಿದರು. ಮಹಾಭಾರತದ ಆದಿಪರ್ವದಲ್ಲಿ ಬರುವ ಕತೆ. ಕುರುಕ್ಷೇತ್ರದಲ್ಲಿ ಜನಮೇಜಯ ತಮ್ಮಂದಿರೊಡನೆ ದೀರ್ಘವಾದ ಯಾಗ ನಡೆಸುತ್ತಿದ್ದಾಗ ಒಂದು ನಾಯಿ ಅಲ್ಲಿಗೆ ಬಂತು. ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತ ತಾಯಿ ಸರಮೆಯ ಬಳಿಗೆ ಓಡಿತು. ಹವಿಸ್ಸನ್ನು ತಾನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ ಎಂದಿತು. ದೇವತೆಗಳ ನಾಯಿಯಾದ ಸರಮೆ ಯಾಗಶಾಲೆಗೆ ಬಂದು ತಪ್ಪು ಮಾಡದ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮಗೆ ಬಂದೊದಗಲಿ ಎಂದು ಶಪಿಸಿ ಹೋದಳು. ಜನಮೇಜಯನಿಗೆ ನೆಮ್ಮದಿ ಹೋಯಿತು. ಯಾಗ ಮುಗಿದ ಮೇಲೆ ಆ ಪಾಪವನ್ನು ಕಳೆಯಬಲ್ಲ ಪುರೋಹಿತನನ್ನು ಹುಡುಕಿಕೊಂಡು ಹೊರಟ. ಅದೇ ಜನಮೇಜಯ ಸರ್ಪಯಾಗ ಮಾಡಿದ್ದು ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರಿನಲ್ಲಿ ಎಂಬ ಐತಿಹ್ಯ ಈ ಕಡೆಯವರಿಗೆಲ್ಲ ಗೊತ್ತು.

"ಹೊಡೆದಿದ್ದಕ್ಕೆ ಶಾಪ ಕೊಟ್ಳಾ, ಉತ್ತರ ಕೊಡದೇ ಇದ್ದಿದ್ದಕ್ಕಾ?" ಎಂದು ಹುಡುಗ ಕೇಳಿದ. "ನೀನೇ ಹೇಳು" ಎಂದರು ಅಜ್ಜ.

ಭಯ ಸಿಟ್ಟಾಗಿ, ಆ ಸಿಟ್ಟು ಒಬ್ಬನದಾಗಿರದೆ ಊರಿನದಾದರೆ ಏನಾಗುತ್ತದೆ ಎಂಬುದಕ್ಕೆ ಪುರಾಣಕ್ಕೇ ಹೋಗಬೇಕಿಲ್ಲ. ಇದೇ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂಳಲಾಗಿದೆ ಎಂಬ ದೂರು ೨೦೨೧ರ ಸೆಪ್ಟೆಂಬರಿನಲ್ಲಿ ದಾಖಲಾಯಿತು. ಪೊಲೀಸರು ನೆಲ ಅಗೆಸಿ ಕಳೇಬರಗಳನ್ನು ಹೊರತೆಗೆಸಿದರು. ದೇಶವೇ ಆ ಸುದ್ದಿ ಓದಿತು. ನಾಯಿ ಕಾಟ ಸುಳ್ಳಲ್ಲ. ಕಚ್ಚಿಸಿಕೊಂಡ ಮಕ್ಕಳ ನೋವೂ ಸುಳ್ಳಲ್ಲ. ಅದಕ್ಕೆ ಸಂತಾನಶಕ್ತಿಹರಣ ಮತ್ತು ಲಸಿಕೆಯ ದಾರಿಯನ್ನು ೨೦೨೩ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ತೋರಿಸಿವೆ. ಅದು ನಿಧಾನದ ದಾರಿ, ಖರ್ಚಿನ ದಾರಿ. ಕಲ್ಲು ಮಾತ್ರ ಬಗ್ಗಿದರೆ ಕೈಗೆ ಸಿಗುತ್ತದೆ.

ಮಾರನೆಯ ಬೆಳಿಗ್ಗೆ ಅಜ್ಜ ಮತ್ತೆ ಅದೇ ದಾರಿಯಲ್ಲಿ ಕರೆದುಕೊಂಡು ಹೋದರು. ಹುಡುಗನಿಗೆ ಇಷ್ಟವಿರಲಿಲ್ಲ. ಭಯಪಟ್ಟ ಜಾಗವನ್ನು ತಪ್ಪಿಸುತ್ತ ಹೋದರೆ ಭಯ ಅಲ್ಲಿಯೇ ಬೇರು ಬಿಡುತ್ತದೆ. ಜೊತೆಗಾರರೊಬ್ಬರೊಂದಿಗೆ, ಸುರಕ್ಷಿತ ದೂರದಲ್ಲಿ, ಸ್ವಲ್ಪ ಸ್ವಲ್ಪವಾಗಿ ಮತ್ತೆ ಎದುರಿಸಿದರೆ ಸಡಿಲವಾಗುತ್ತದೆ. ದಾರಿಯುದ್ದಕ್ಕೂ ಪಾಠ ನಡೆಯಿತು. ನಾಯಿ ನುಗ್ಗಿ ಬಂದರೆ ಓಡಬಾರದು, ಓಡುವುದನ್ನು ಕಂಡರೆ ಅದು ಅಟ್ಟಿಸಿಕೊಂಡು ಬರುತ್ತದೆ. ಮರದಂತೆ ನಿಲ್ಲಬೇಕು, ಕೈಗಳು ಮೈಗೆ ಅಂಟಿಕೊಂಡಿರಲಿ. ಕಣ್ಣಿನಲ್ಲಿ ಕಣ್ಣಿಟ್ಟು ದಿಟ್ಟಿಸಬಾರದು, ಕಿರುಚಬಾರದು. ಅದು ಸುಮ್ಮನಾದ ಮೇಲೆ ಬೆನ್ನು ತೋರಿಸದೆ ಮೆಲ್ಲಗೆ ಸರಿಯಬೇಕು. ಕೆಡವಿಬಿಟ್ಟರೆ ಚೆಂಡಿನಂತೆ ಮುದುಡಿ ಕತ್ತು, ಕಿವಿ ಮುಚ್ಚಿಕೊಳ್ಳಬೇಕು. ಮರಿ ಹಾಕಿದ ನಾಯಿಯ ಹತ್ತಿರ ಸುಳಿಯಲೇಬಾರದು.

ಮೋರಿಗೆ ಇನ್ನೂ ದೂರವಿರುವಾಗಲೇ ಅಜ್ಜ ನಿಲ್ಲಿಸಿದರು. ಕಂದು ನಾಯಿ ಹೊರಗೆ ಬಿಸಿಲಿನಲ್ಲಿ ಮಲಗಿತ್ತು, ನಾಲ್ಕು ಮರಿಗಳು ಹಾಲು ಕುಡಿಯುತ್ತಿದ್ದವು. ಇವರನ್ನು ಕಂಡು ಅದು ಎದ್ದು ನಿಂತಿತು. ಮುಂಗಾಲನ್ನು ಸ್ವಲ್ಪ ಎತ್ತಿಕೊಂಡೇ ಇತ್ತು. ಒಮ್ಮೆ ಗುರ್ ಎಂದಿತು. ಹುಡುಗನ ಮೊಣಕಾಲು ನಡುಗಿತು, ಆದರೆ ನಿಂತ. ಸ್ವಲ್ಪ ಹೊತ್ತಿನ ಮೇಲೆ ನಾಯಿ ಮತ್ತೆ ಮಲಗಿತು. ಅದರ ಕಾಲಿಗೆ ಅವನು ಮಾಡಬಹುದಾದದ್ದು ಏನೂ ಇರಲಿಲ್ಲ. ಹತ್ತಿರ ಹೋದರೆ ಮರಿಗಳಿಗಾಗಿ ಮತ್ತೆ ಎಗರುತ್ತಿತ್ತು. ವಾಪಸು ಬರುವಾಗ ಪಶು ಆಸ್ಪತ್ರೆಗೆ ಹೋಗಿ, ಇಂಥ ಕಡೆ ಕುಂಟುವ ಬಾಣಂತಿ ನಾಯಿ ಇದೆ, ತಾನೇ ಕಲ್ಲು ಹೊಡೆದದ್ದು ಎಂದು ಹುಡುಗ ಹೇಳಿದ. ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ.

ತಪ್ಪಿನ ಅರಿವು ಎರಡು ಬಗೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞರು. 'ತಪ್ಪು ಮಾಡಿದೆ' ಎನ್ನುವುದು ಒಂದು, 'ನಾನೇ ಕೆಟ್ಟವನು' ಎನ್ನುವುದು ಇನ್ನೊಂದು. ಮೊದಲನೆಯದು ಸರಿಪಡಿಸುವ ಕಡೆಗೆ ನಡೆಸುತ್ತದೆ, ಎರಡನೆಯದು ಬಚ್ಚಿಟ್ಟುಕೊಳ್ಳುವ ಕಡೆಗೆ. ಮಕ್ಕಳು ಯಾವ ದಾರಿ ಹಿಡಿಯುತ್ತಾರೆ ಎಂಬುದು ಎಷ್ಟೋ ಸಲ ದೊಡ್ಡವರ ಮೊದಲ ಮಾತಿನ ಮೇಲೆ ನಿಂತಿರುತ್ತದೆ.

ರಜೆ ಮುಗಿದು ಮಕ್ಕಳು ಭದ್ರಾವತಿಗೆ ಮರಳಿದರು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಲಸಿಕೆಯ ದಿನಗಳಿಗೆ ಹುಡುಗನೇ ಪೆನ್ಸಿಲಿನಿಂದ ಸುತ್ತು ಹಾಕಿದ. ೨೮ನೆಯ ದಿನ ಶಾಲೆ ಇತ್ತು. ಬೆಳಿಗ್ಗೆ ಬೇಗ ಎದ್ದು ಅಮ್ಮನ ಜೊತೆ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟ. ರಸ್ತೆ ದಾಟುವ ಜಾಗದಲ್ಲಿ, ಎದುರು ಬದಿಯ ಹೋಟೆಲಿನ ಮುಂದೆ ನಾಯಿಯೊಂದು ಮಲಗಿತ್ತು. ತಂಗಿ ಅದನ್ನು ನೋಡಿದಳು, ಅಣ್ಣನನ್ನು ನೋಡಿದಳು. ಆಮೇಲೆ ತನ್ನ ಕೈಯನ್ನು ಅವನ ಕೈಯೊಳಗೆ ಇಟ್ಟಳು.