ಬಿಸಿಲಿನ ಬಾಡಿಗೆ

ತೀರ್ಥಹಳ್ಳಿ ಕಡೆಯ ಅಜ್ಜಿಮನೆ ಬಚ್ಚಲಿನಲ್ಲಿ ಮೊದಲ ಸ್ನಾನ ಕಣ್ಣಿಗೆ, ಅದೂ ಕಣ್ಣೀರಿನಲ್ಲೇ. ತಾಮ್ರದ ಹಂಡೆಯ ಕೆಳಗೆ ಮಳೆಗಾಲದ ಹಸಿ ಸೌದೆ, ಜೊತೆಗೊಂದಿಷ್ಟು ಅಡಿಕೆ ಸಿಪ್ಪೆ. ಅಜ್ಜಿ ಊದುಗೊಳವೆ ಹಿಡಿದು ಊದಿದಷ್ಟೂ ಹೊಗೆ ನಮ್ಮ ಮುಖಕ್ಕೇ. ಆದರೂ ಆ ನೀರಿನ ಹದ! ಮೈ ಒರೆಸಿಕೊಂಡ ಮೇಲೂ ಬೆನ್ನಿನಿಂದ ಹಬೆ ಏಳುತ್ತಿತ್ತು, ಶಾಲೆಯಲ್ಲೂ ತಲೆಗೂದಲನ್ನು ಹೊಗೆಯ ವಾಸನೆ ಬಿಡುತ್ತಿರಲಿಲ್ಲ. ಅಜ್ಜಿಯ ಕೆಮ್ಮನ್ನು ಮನೆಯವರೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದಿದ್ದರು.

ಬೆಂಗಳೂರಿನ ಗೀಸರಿಗೆ ಹೊಗೆಯಿಲ್ಲ. ಅಂದರೆ, ಇಲ್ಲಿಲ್ಲ. ಬೆಳಿಗ್ಗೆ ಏಳಕ್ಕೆ ಊರಿಗೆ ಊರೇ ಸ್ವಿಚ್ ಒತ್ತಿದಾಗ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಬೂದಿಯೂ ಅಲ್ಲಿಯವರ ಪಾಲಿಗೇ. ಒಲೆಯನ್ನು ನಾಲ್ಕುನೂರು ಕಿಲೋಮೀಟರ್ ಆಚೆ ಹೂಡಿದ್ದೇವೆ, ಅಷ್ಟೆ.

ಹಾಗಾಗಿ ವಿಜಯನಗರದ ನಮ್ಮ ಮನೆಯ ತಾರಸಿಗೆ ಸೋಲಾರ್ ಬಂದಾಗ ನನಗೆ ಭಾರೀ ಖುಷಿ. ದಕ್ಷಿಣಕ್ಕೆ ಮುಖ ಮಾಡಿ ಒರಗಿದ ಕರಿಗಾಜಿನ ಕೊಳವೆಗಳು. ಮೋಟಾರಿಲ್ಲ, ಸದ್ದಿಲ್ಲ, ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಮೇಲಾಗಿ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಆ ಐವತ್ತು ರೂಪಾಯಿಯನ್ನು ನಾನು ಪ್ರಶಸ್ತಿಯ ಹಾಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಆರ್ಥಿಕತೆ ಬೆಳೆಯಿತು. ಎರಡಿದ್ದ ಮಹಡಿ ನಾಲ್ಕಾಯಿತು. ಹತ್ತು ಗಂಟೆಗೇ ನನ್ನ ಕೊಳವೆಗಳ ಮೇಲೆ ಅವರ ನೆರಳು ಬಿದ್ದರೆ ಸಂಜೆಯವರೆಗೂ ಏಳುವುದಿಲ್ಲ. ಸೈಟಿಗೆ ಖಾತೆಯುಂಟು, ಬಿಸಿಲಿಗೆಲ್ಲಿಯ ಖಾತೆ? ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು. ಹೆಂಡತಿಯ ಮಾತು ಮಾತ್ರ ಬಿಸಿ.

ಪಕ್ಕದವರು ಒಳ್ಳೆಯವರೇ. ಕಾಫಿ ಕೊಟ್ಟು, "ನಿಮ್ದನ್ನೂ ನಮ್ ಟೆರೇಸ್ ಮೇಲೆ ಇಟ್ಬಿಡಿ ಸಾರ್. ಪೈಪ್ ಎಳ್ಕೊಂಡ್ರಾಯ್ತು. ಬಾಡಿಗೆ ಏನೋ ಒಂದು ನೋಡಿ ಕೊಡಿ" ಎಂದರು.

ನನಗೆ ಪಾವಗಡ ನೆನಪಾಯಿತು. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಮಳೆ ಕೈಕೊಟ್ಟ ಹೊಲಗಳನ್ನು ರೈತರು ಮಾರದೆ, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಅಲ್ಲೇ ಕೂತು ಲೆಕ್ಕ ಹಾಕಿದೆ.

"ಪಾವಗಡದ ರೇಟು ಹಿಡಿದ್ರೆ ನನ್ನ ನಲವತ್ತು ಚದರಡಿಗೆ ವರ್ಷಕ್ಕೆ ಹತ್ತೊಂಬತ್ತು ರೂಪಾಯಿ ಆಗುತ್ತೆ."

ಅವರು ಲೋಟ ಕೆಳಗಿಟ್ಟು ನಕ್ಕರು. "ಸಾರ್, ಅದು ಪಾವಗಡ. ಇದು ವಿಜಯನಗರ."