ಆಗುಂಬೆಯ ಅಂಗಳದಲ್ಲಿ ಮೂರು ದಿನದ ಸಿನಿಮಾ

ಮುಂಬಯಿಯಲ್ಲಿ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಗಿನ ಜಾವಕ್ಕೆ ಉಡುಪಿ. ಅಲ್ಲಿಂದ ಬಸ್ಸಿನಲ್ಲಿ ಹೆಬ್ರಿ, ಸೋಮೇಶ್ವರ ದಾಟಿದರೆ ಘಾಟಿಯ ಬುಡ. ಕಡಿದಾದ ತಿರುವುಗಳನ್ನೆಲ್ಲ ಸಣ್ಣ ಬಸ್ಸು ಏದುಸಿರು ಬಿಡುತ್ತ ಏರಿದ ಮೇಲೆ ಸಿಗುವುದೇ ಆಗುಂಬೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು; ನಮ್ಮ ಮುಂಬಯಿಯ ಮಳೆಯ ಸುಮಾರು ಮೂರು ಪಟ್ಟು! ನಿಮ್ಮಲ್ಲಿ ಹಲವರು ಅಲ್ಲಿಗೆ ಹೋಗಿರಲಾರಿರಿ, ಆದರೂ ಆ ಊರನ್ನು ಕಂಡಿರುತ್ತೀರಿ. 1980ರ ದಶಕದಲ್ಲಿ ಶಂಕರ್ ನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದ್ದು ಅಲ್ಲೇ. ಅದರಲ್ಲಿ ಕಾಣುವ ದೊಡ್ಡಮನೆ ಊರಿನ ಬೀದಿಯಲ್ಲಿ ಇಂದಿಗೂ ನಿಂತಿದೆ.

ಈಗ ಸಿನಿಮಾ ತೆಗೆಯಲು ನಿಮ್ಮ ಜೇಬಿನಲ್ಲಿರುವ ಮೊಬೈಲೇ ಸಾಕು. ಹಾಗಾಗಿ ಅಜ್ಜಿಯ ಊರಿಗೆ ಹೋಗಿ ಒಂದು ಕಿರುಚಿತ್ರ ಮಾಡಿಬಿಡೋಣ ಎಂಬ ಆಸೆ ನಿಮಗೂ ಹುಟ್ಟಿರಬಹುದು. ಒಳ್ಳೆಯ ಆಸೆಯೇ. 2023ರ ನವೆಂಬರಿನಲ್ಲಿ ನಮ್ಮ ಏಳು ಮಂದಿ ಹುಡುಗ ಹುಡುಗಿಯರು ಹೀಗೆಯೇ ಹೊರಟರು. ಜೊತೆಗೆ ಹಿರಿಯರೊಬ್ಬರು ಇರಲಿ ಎಂದು ನನ್ನನ್ನೂ ಎಳೆದುಕೊಂಡರು. ಉಳಿದುಕೊಂಡದ್ದು ಆಗುಂಬೆಯ ಆಚೆ, ತೋಟದ ನಡುವಿನ ಒಂದು ಮನೆಯಲ್ಲಿ. ಕತೆ ಬಹಳ ಸರಳ: ಪಟ್ಟಣದಿಂದ ಬರಲಿರುವ ಮೊಮ್ಮಗನಿಗಾಗಿ ಅಜ್ಜಿ ಕಾಯುವುದು. ಅಜ್ಜಿಯ ಪಾತ್ರಕ್ಕೆ ಆ ಮನೆಯ ಅಜ್ಜಿಯೇ ಒಪ್ಪಿದರು.

ಮೊದಲ ದಿನ ತೋಟದಲ್ಲಿ ಚಿತ್ರೀಕರಣ. ಮೈಕು ಹಿಡಿದವನ ಕಾಲುಚೀಲದೊಳಗೆ ಇಂಬಳ ಸೇರಿ, ಆತ ಚೀರಿದ ಕೂಗೇ ಆ ದೃಶ್ಯದ ಮಾತಾಯಿತು! ಮನೆಯವರು ಸುಣ್ಣ ಮುಟ್ಟಿಸಿದ ಕೂಡಲೇ ಇಂಬಳವೇನೋ ಉದುರಿತು. ಆದರೆ ಜೀರುಂಡೆಗಳ ಬಾಯಿಗೆ ಹಚ್ಚುವ ಸುಣ್ಣ ಯಾರಲ್ಲಿದೆ? ಸಂಜೆ ಕೇಳಿ ನೋಡಿದರೆ ಮಾತಿಗಿಂತ ಅವುಗಳ ಸದ್ದೇ ಹೆಚ್ಚು. ಅಜ್ಜಿ ಓದಬೇಕಿದ್ದ ಕಾಗದವನ್ನು ಜಗಲಿಯ ಮೇಲಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕರು ಅದರ ಅರ್ಧ ಮೆದ್ದಿತ್ತು.

ಕಾಗದ ಇನ್ನೊಂದು ಬರೆದುಕೊಳ್ಳಬಹುದು. ದೊಡ್ಡ ತೊಡಕು ಬಂದದ್ದು ಸಂಭಾಷಣೆಯಲ್ಲಿ. “ಮೊಮ್ಮಗನೇ, ನಿನ್ನ ಆಗಮನಕ್ಕಾಗಿ ಎಷ್ಟು ದಿನಗಳಿಂದ ಕಾಯುತ್ತಿದ್ದೆ” ಎಂದು ನಮ್ಮ ಹುಡುಗ ಬರೆದುಕೊಂಡು ಹೋಗಿದ್ದ. ಅಜ್ಜಿ ನಕ್ಕರು. “ಹೀಂಗೆ ಯಾರು ಮಾತಾಡ್ತಾರೆ ಮಾರಾಯ?” ಎಂದರು. ಹಾಗಾದರೆ ನೀವೇನು ಹೇಳುತ್ತೀರಿ ಅಜ್ಜಿ, ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಬಂದ್ಯಾ? ಕೈಕಾಲು ತೊಳಕೊ, ಊಟ ಮಾಡು.” ಅದೇ ಉಳಿಯಿತು.

ಹೊಸಬರು ಮಲೆನಾಡಿಗೆ ಬಂದು ಸಿನಿಮಾ ಮಾಡಿದ್ದು ಇದೇ ಮೊದಲಲ್ಲ. ಅಲ್ಲಿಂದ ದೂರವಿಲ್ಲದ ಶೃಂಗೇರಿಯ ಹತ್ತಿರ ವೈಕುಂಠಪುರವೆಂಬ ಹಳ್ಳಿಯಿದೆ. 1970ರ ‘ಸಂಸ್ಕಾರ’ ತಯಾರಾದದ್ದು ಅಲ್ಲಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರಿಗೆ ಅದು ಮೊದಲ ನಿರ್ದೇಶನ. ಗಿರೀಶ ಕಾರ್ನಾಡ, ಲಂಕೇಶ್ ಇಬ್ಬರಿಗೂ ತೆರೆ ಹೊಸದು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಬಂದದ್ದು ಆಸ್ಟ್ರೇಲಿಯದಿಂದ. ಸೆನ್ಸಾರ್ ಮೊದಲು ತಡೆದ ಆ ಚಿತ್ರವೇ ಬಳಿಕ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಹೊಸಬರೆಂದು ನೀವು ಹಿಂಜರಿಯಬೇಕಾಗಿಲ್ಲ.

ಎರಡನೆಯ ದಿನ ಎದ್ದು ನೋಡಿದರೆ ನಮ್ಮ ಅಂಗಳವೇ ಮಾಯ! ಹಿಂದಿನ ದಿನ ಖಾಲಿ ಇದ್ದ ಜಾಗದ ತುಂಬ ಕೆಂಪು ಅಡಿಕೆ. ಇದನ್ನು ನೀವು ತಿಳಿದಿರಬೇಕು: ಆ ಸೀಮೆಯಲ್ಲಿ ಎಳೆಯ ಹಸಿರು ಅಡಿಕೆಯನ್ನು ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ದಿನಗಟ್ಟಲೆ ಬಿಸಿಲಿಗೆ ಹರವುತ್ತಾರೆ. ಕೊಯ್ಲು ನಡೆಯುವ ತಿಂಗಳುಗಳಲ್ಲಿ ಅಂಗಳವೆಂದರೆ ವರ್ಷದ ಸಂಪಾದನೆ. ನಿನ್ನೆಯ ಖಾಲಿ ಅಂಗಳಕ್ಕೂ ಇಂದಿನ ಕೆಂಪು ಅಂಗಳಕ್ಕೂ ಹೊಂದಿಕೆ ಹೇಗೆ? ಕೊನೆಗೆ ಕತೆಯಲ್ಲೇ ಒಂದು ರಾತ್ರಿ ಕಳೆಯಿತೆಂದು ಬದಲಾಯಿಸಿಕೊಂಡರು.

ಮೂರನೆಯ ದಿನ ಮಧ್ಯಾಹ್ನ, ಮೊಮ್ಮಗ ಮೆಟ್ಟಿಲು ಹತ್ತಿ ಬರುವ ದೃಶ್ಯ. ಅದೇ ಹೊತ್ತಿಗೆ ಪಡುವಣದಲ್ಲಿ ಕಪ್ಪು ಕವಿಯಿತು. ಯಜಮಾನರು ಟಾರ್ಪಾಲು ತರಲು ಓಡಿದರು. ಬೇಯಿಸಿದ ಅಡಿಕೆ ನೆನೆದರೆ ಬೂಸಲು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ನಮ್ಮ ಏಳು ಮಂದಿಗೆ ಇದನ್ನು ಯಾರೂ ವಿವರಿಸಲಿಲ್ಲ; ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದದ್ದೇ ಸಾಕಾಯಿತು. ಕ್ಯಾಮೆರಾ ಹಿಡಿದಿದ್ದ ಹುಡುಗಿ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಹಾರಿದಳು. ಬುಟ್ಟಿ, ಮೊರ, ಬರಿಗೈ, ಸಿಕ್ಕಿದ್ದರಲ್ಲಿ ಎಲ್ಲರೂ ಬಾಚಿದರು. ಮುಕ್ಕಾಲು ಪಾಲು ಒಳಗೆ ಸೇರಿತು, ಉಳಿದದ್ದು ಟಾರ್ಪಾಲಿನ ಅಡಿಗೆ. ಮಳೆ ನಿಂತ ಮೇಲೆ ನೋಡಿದರೆ ಮೊಬೈಲು ನೀರು ಕುಡಿದು ಸತ್ತಿತ್ತು. ಎರಡು ದಿನದ ದೃಶ್ಯಗಳಲ್ಲಿ ಅರ್ಧ ಅದರಲ್ಲೇ ಇದ್ದವು.

“ನಿಮ್ಮ ಸಿನಿಮಾ ಹೋಯ್ತಲ್ರೋ” ಎಂದು ಯಜಮಾನರು ನೊಂದುಕೊಂಡರು. ಮನೆಯಲ್ಲೂ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗನೊಬ್ಬ ನಮ್ಮಲ್ಲಿದ್ದ. “ಅಡಿಕೆ ಉಳೀತಲ್ಲ, ಮಾವ” ಎಂದ. ಆ ‘ಮಾವ’ ಅವನಿಗೆ ಎಲ್ಲಿಂದ ಬಂತೋ ಕಾಣೆ!

ಆ ರಾತ್ರಿ ಅಡಿಕೆ ಸುಲಿಯಲು ನೆರೆಮನೆಯವರೂ ಬಂದರು. ಉಳಿದ ಒಂದು ಮೊಬೈಲಿನಲ್ಲಿ ಅದನ್ನೇ ಚಿತ್ರಿಸಿದರು: ಕತ್ತಿಯ ಸದ್ದು, ಮಾತು, ನಗು, ನಡುವೆ ಅಜ್ಜಿ. ಇಪ್ಪತ್ತು ನಿಮಿಷದ ಚಿತ್ರ ಹನ್ನೊಂದಕ್ಕೆ ಇಳಿಯಿತು. ಅದರಲ್ಲಿ ಎಲ್ಲರೂ ಮೆಚ್ಚಿದ್ದು ಆ ರಾತ್ರಿಯ ಭಾಗವನ್ನೇ.

ನೀವೂ ಹೊರಡುವುದಾದರೆ ಉಪ್ಪು, ಸುಣ್ಣ ಕಟ್ಟಿಕೊಳ್ಳಿ. ತೆಗೆದ ದೃಶ್ಯಗಳನ್ನು ಪ್ರತಿರಾತ್ರಿ ಇನ್ನೊಂದು ಕಡೆ ಇಳಿಸಿಕೊಳ್ಳಿ. ಬರೆದ ಮಾತನ್ನು ಊರಿನವರಿಗೆ ಓದಿ ಹೇಳಿ, ಅವರು ತಿದ್ದಲಿ. ನಿಮ್ಮ ಕನ್ನಡ ಹರುಕಾಗಿದ್ದರೂ ಚಿಂತೆಯಿಲ್ಲ, ಅದನ್ನೇ ಆಡಿ. ಖಾಲಿ ಅಂಗಳ ಬೇಕಿದ್ದರೆ ಕೊಯ್ಲು ಮುಗಿದ ಮೇಲೆ, ಬೇಸಿಗೆಗೆ ಹೋಗಿ. ನವೆಂಬರಿನಲ್ಲೇ ಹೋಗುವಿರಾದರೆ, ಟಾರ್ಪಾಲಿನ ಒಂದು ತುದಿ ಹಿಡಿಯಲು ಸಿದ್ಧರಾಗಿ ಹೋಗಿ.