ತಲೆಯೆತ್ತಿ ನೋಡಿ, ಇದು ಕಾಲಾ ಘೋಡಾ

ಬೆಳಿಗ್ಗೆ ಹತ್ತೂವರೆ. ಮುಂಬೈ ಫೋರ್ಟಿನ ಗಲ್ಲಿಗಳಿಂದ ಹೊರಬಿದ್ದು ಕಾಲಾ ಘೋಡಾ ತಲುಪಿದ್ದೀರಿ. ಸಾಲುಗಟ್ಟಿ ನಿಂತ ಕಾರುಗಳ ಆಚೆ, ಎತ್ತರದ ಪೀಠದ ಮೇಲೊಂದು ಕರಿಕುದುರೆ. ಬೆನ್ನ ಮೇಲೆ ಸವಾರನಿಲ್ಲ. ಮೊದಲಿದ್ದ ಕುದುರೆಯ ಮೇಲೆ ಏಳನೇ ಎಡ್ವರ್ಡ್ ಕೂತಿದ್ದ. 1965ರಲ್ಲಿ ಅವನನ್ನು ಕುದುರೆ ಸಮೇತ ಎಬ್ಬಿಸಿ ಬೈಕುಲ್ಲಾದ ರಾಣಿಬಾಗ್‌ಗೆ ಸಾಗಿಸಿದರು. ಜನರ ಬಾಯಲ್ಲಿದ್ದ ಹೆಸರು ಮಾತ್ರ ಕದಲಲಿಲ್ಲ. ಈಗಿರುವುದು 2017ರಲ್ಲಿ ಬಂದ ಕುದುರೆ.

ಪಕ್ಕದಲ್ಲೇ 1870ರ ಡೇವಿಡ್ ಸಸೂನ್ ಗ್ರಂಥಾಲಯ, ಹಳದಿ ಕಲ್ಲಿನ ಕಮಾನುಗಳು. ಹತ್ತಿರದಲ್ಲೇ ಕಬ್ಬಿಣದ ಹಂದರದ ಹಳೆಯ ವಾಟ್ಸನ್ ಹೋಟೆಲ್. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು 1896ರ ಜುಲೈ 7ರಂದು ಭಾರತ ಮೊದಲು ನೋಡಿದ್ದು ಅಲ್ಲಿಯೇ.

ಎದುರಿನ ಫುಟ್‌ಪಾತಿನಲ್ಲಿ ಚಿತ್ರಕಾರರು ಕ್ಯಾನ್ವಾಸುಗಳನ್ನು ಒರಗಿಸಿ ಗಿರಾಕಿಗಳಿಗೆ ಕಾಯುತ್ತಿದ್ದಾರೆ. ಅವರ ಬೆನ್ನಿಗೇ ಜಹಾಂಗೀರ್ ಆರ್ಟ್ ಗ್ಯಾಲರಿ. ಅಲೆಯಲೆಯಾಗಿ ಮುಂಚಾಚಿದ ಕಾಂಕ್ರೀಟ್ ಸೂರು 1952ರದು. ಟಿಕೆಟ್ಟಿಲ್ಲ, ಒಳಗೆ ನಡೆಯಿರಿ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ದೊಡ್ಡ ಕಲಾವಿದರಾಗಿ ಬೆಳೆದದ್ದು ಈ ಊರಿನಲ್ಲೇ.

ಇನ್ನು ಪಕ್ಕದ ತೋಟದೊಳಕ್ಕೆ ಬನ್ನಿ. ತಾಳೆಮರಗಳ ಹಿಂದೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಹಳಬರಿಗೆ ಇಂದಿಗೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು, 1922ರಲ್ಲಿ ಉದ್ಘಾಟನೆ. ನಡುವೆ ಮೊದಲ ಮಹಾಯುದ್ಧ ಬಂದು, ಹೊಸ ಕಟ್ಟಡ ಸೈನಿಕರ ಆಸ್ಪತ್ರೆಯಾಗಿತ್ತು. ಗೋಡೆಯ ಹತ್ತಿರ ಹೋಗಿ ನೋಡಿ: ಬೂದು ಕಲ್ಲು ಕುರ್ಲಾದ್ದು, ನಸುಹಳದಿಯದು ಮಲಾಡಿನದು.

ನಡುಅಂಕಣಕ್ಕೆ ಬಂದು ಕತ್ತೆತ್ತಿ. ಗುಮ್ಮಟವನ್ನು ಹೊತ್ತ ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ವಿಜಯಪುರದ ಗೋಲಗುಮ್ಮಟ ನೋಡಿದವರಿಗೆ ಗುರುತು ಹಿಡಿಯಲು ಕ್ಷಣವೂ ಬೇಡ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಮಾದರಿ ತೆಗೆದುಕೊಂಡದ್ದು ಅಲ್ಲಿಂದಲೇ. ಗುಮ್ಮಟದ ಹೊರರೂಪಕ್ಕೆ ಗೋಲ್ಕೊಂಡ, ಮರದ ಕೆತ್ತನೆಗೆ ನಾಸಿಕದ ವಾಡೆ. ಹೆಸರು ಇಂಗ್ಲಿಷ್ ರಾಜಕುಮಾರನದಿದ್ದರೂ ಕಟ್ಟಡದ ಎಲುಬು ದಖ್ಖನಿನದು.

ಶಿಲ್ಪಗಳ ವಿಭಾಗದಲ್ಲಿ ನಮ್ಮ ಕಡೆಯ ಇನ್ನೊಬ್ಬ ಸಿಗುತ್ತಾನೆ: ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಬ್ರಹ್ಮ. ಚಾಲುಕ್ಯರ ಕಾಲದ ಶಿಲ್ಪಿ ಅವನನ್ನು ಕಂಡರಿಸಿದ್ದು ಗುಡಿಯ ಛಾವಣಿಗೆ, ಕತ್ತಲೆಯಲ್ಲಿ ಕತ್ತು ನೋಯಿಸಿಕೊಂಡು ನೋಡುವ ಭಕ್ತರಿಗೆ. ಇಲ್ಲಿ ದೀಪದ ಬೆಳಕಿದೆ, ಹತ್ತಿರದಿಂದ ಮುಖಗಳನ್ನು ಎಣಿಸಬಹುದು. ಮೂರೇ ಕಾಣುತ್ತವೆ, ನಾಲ್ಕನೆಯದು ಕಲ್ಲಿನೊಳಗೆ. ಇಷ್ಟು ಸ್ಪಷ್ಟವಾಗಿ ಇವನನ್ನು ಅಂದಿನ ಭಕ್ತರು ಕಂಡಿರಲಾರರು. ಆದರೆ ಗುಡಿಯಲ್ಲಿ ತಲೆಯ ಮೇಲಿದ್ದ ಆಕಾಶವೇ ಅವನಾಗಿದ್ದ. ಇಲ್ಲಿ ಒಂದು ವಸ್ತು.

ಹೊರಬಂದು ರಸ್ತೆ ದಾಟಿದರೆ 1911ರ ಕಾವಸ್‌ಜಿ ಜಹಾಂಗೀರ್ ಹಾಲ್, ವಿಟೆಟ್‌ನದೇ. ಹಿಂದೆ ಸಭೆ, ಸಂಗೀತ ಕಛೇರಿ ನಡೆಯುತ್ತಿದ್ದ ಆ ಸಭಾಂಗಣದ ಒಳಗನ್ನೇ ಬದಲಿಸಿ 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮಾಡಿದರು. ಅರ್ಧಚಂದ್ರಾಕಾರದ ಅಂತಸ್ತುಗಳನ್ನು ಹತ್ತುತ್ತ ಹೋದರೆ ಗುಮ್ಮಟದಡಿಯವರೆಗೂ ಚಿತ್ರಗಳು.

ಮುಂಬೈಗೆ ಹೋದಾಗ ಈ ಒಂದು ಚೌಕಕ್ಕೆ ಇಡೀ ದಿನ ಕೊಡಿ. ಮೊದಲು ಕಟ್ಟಡ ನೋಡಿ, ಆಮೇಲೆ ಒಳಗಿರುವುದನ್ನು. ಸೋಮವಾರ ಮಾತ್ರ ಬೇಡ, ಆಧುನಿಕ ಕಲಾ ಗ್ಯಾಲರಿಗೆ ಅಂದು ರಜೆ.